ಬೀಗ ಹಾಕಿದ ಕೋಣೆ, ಒಂದು ಸೀನು

ಕೇಳುಗರಿಗೆ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಲೆಕ್ಕ ಪರಿಶೋಧನೆ ಮಾಡಿಕೊಂಡಿರುವವನು. ನೀವೆಲ್ಲ ಆಡಿಟರ್ ಅಂತೀರಲ್ಲ, ಅದೇ. ತೆರಿಗೆ, ಸರ್ಕಾರದ ಸಾಲ, ಕಂಪನಿಗಳ ಆಡಿಟ್ ಈ ಮೂರರ ಬಗ್ಗೆ ಮಾತಾಡಿ ಅಂತ ಧಾರವಾಡ ಆಕಾಶವಾಣಿಯವರು ಕರೆದಿದ್ದಾರೆ. ನನ್ನನ್ನು ಕೇಳಿದರೆ ಅದು ಮೂರು ವಿಷಯ ಅಲ್ಲ, ಒಂದೇ. ಆಡಿಟರ್ ನೋಡದೆ ಸಹಿ ಹಾಕಿದರೆ ಸರ್ಕಾರದ ಸಾಲ ಬೆಳೆಯುತ್ತದೆ. ಅಷ್ಟೇ.

ಒಲೆ ಮುಂದೆ ರೊಟ್ಟಿ ಬಡಿಯುತ್ತ ಕೇಳುತ್ತಿರುವ ತಾಯಂದಿರು, "ಸರ್ಕಾರದ ಸಾಲ ತಗೊಂಡು ನಮಗೇನ್ರಿ" ಅನ್ನಬಹುದು. ಕೇಳಿ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಸರ್ಕಾರಕ್ಕೆ ಬರುವ ಒಂದು ರೂಪಾಯಿಯಲ್ಲಿ 24 ಪೈಸೆ ಸಾಲದ್ದು. ಕಂಪನಿಗಳು ಕಟ್ಟುವ ಆದಾಯ ತೆರಿಗೆ 17 ಪೈಸೆ. ಖರ್ಚಿನ ರೂಪಾಯಿಯಲ್ಲಿ 20 ಪೈಸೆ ಬರೀ ಬಡ್ಡಿಗೆ ಹೋಗುತ್ತದೆ. ಅಸಲಿಗಲ್ಲ, ಬಡ್ಡಿಗೆ! ಅದನ್ನು ಕಟ್ಟುವವರು ಯಾರು? ನೀವು ತರುವ ಚಹಾಪುಡಿ ಪೊಟ್ಟಣದ ಮೇಲೆ ಶೇಕಡಾ 5 ಜಿಎಸ್‌ಟಿ ಇದೆಯಲ್ಲ, ಅದರಲ್ಲೂ ಒಂದಿಷ್ಟು ಅಲ್ಲಿಗೇ. ಬರಬೇಕಾದ ತೆರಿಗೆ ಬರಲಿಲ್ಲ ಅಂತ ಸರ್ಕಾರ ಪಗಾರ ನಿಲ್ಲಿಸುವ ಹಾಗಿಲ್ಲ. ಸಾಲ ತರುತ್ತದೆ.

ಇದು ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ, ಮೆಣಸಿನಕಾಯಿ ಗೋದಾಮಿನಲ್ಲಿ. ಆಗ ನಾನು ಸಿಎ ಓದುತ್ತ ಒಬ್ಬ ಹಿರಿಯ ಆಡಿಟರ್ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಮಾರ್ಚ್ 31. ಬ್ಯಾಡಗಿಯಲ್ಲಿ ಅಣ್ಣತಮ್ಮಂದಿರು ಸೇರಿ ನಡೆಸುತ್ತಿದ್ದ ಒಂದು ಕಂಪನಿ. ವರ್ಷದ ಕೊನೆಯ ಮಾಲು ಎಣಿಸಲು ಹೋಗಿದ್ದೆವು. ಹೋದ ಕೂಡಲೇ ಕುರ್ಚಿ, ಫ್ಯಾನು, ಗಿರ್ಮಿಟ್ಟು, ಬಿಸಿ ಮಿರ್ಚಿ ಭಜಿ. ಮೇಲೆ ಎರಡು ಸಲ ಚಹಾ. ಲೆಕ್ಕ ಬರೆಯುವ ದಿವಾನಜಿ ಪಟ್ಟಿ ಹಿಡಿದು ನಿಂತಿದ್ದರು. "400 ಚೀಲ ಅದಾವ್ರಿ, ಇಲ್ಲೇ ಸಹಿ ಮಾಡ್ರಿ." ನನಗೋ ಹೊಟ್ಟೆ ತುಂಬಿ ನಿದ್ದೆ ಬರುತ್ತಿತ್ತು, ಪೆನ್ನು ತೆಗೆದೇಬಿಟ್ಟಿದ್ದೆ.

ನಮ್ಮ ಸರ್ ಎದ್ದರು. "ಎಣಿಸೋಣ ನಡಿ." ಎಣಿಸಿದೆವು. ಸಾಲಿಗೆ ಇಷ್ಟು, ಎತ್ತರಕ್ಕೆ ಇಷ್ಟು. ಸರಿಯಾಗಿ 400. ಹೊರಡಬೇಕು, ಹಿಂದೆ ಒಂದು ಬಾಗಿಲು ಕಂಡಿತು. ಬೀಗ ಹಾಕಿತ್ತು. "ಅಲ್ಲೇನೂ ಇಲ್ರೀ, ಹಳೇ ಗೋಣಿಚೀಲ" ಅಂದರು ಮಾಲೀಕರು. ಸರ್ ಬಾಗಿಲ ಸಂದಿಗೆ ಮುಖ ಒಡ್ಡಿ ಸುಮ್ನೆ ನಿಂತರು. ಒಂದು ಸೀನು. ಮತ್ತೊಂದು. ಮೂರನೆಯದಕ್ಕೆ ಕನ್ನಡಕ ಕೆಳಗೆ ಬಿತ್ತು. ಬ್ಯಾಡಗಿಯ ಡಬ್ಬಿ ತಳಿಯ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ, ನಿಜ. ಆದರೆ ಮುಚ್ಚಿದ ಕೋಣೆಯ ಘಾಟು ಬೇರೆ. ಮೂಗು ಒರೆಸಿಕೊಳ್ಳುತ್ತ ಸರ್ ಅಂದರು: "ಖಾಲಿ ಚೀಲಕ್ಕ ಇಷ್ಟು ಸೀನು ಬರೂದಿಲ್ಲಪ್ಪ. ಕೀಲಿ ತರ್ರಿ."

ಒಳಗೆ 240 ಚೀಲ. ಆಮೇಲೆ ಬ್ಯಾಂಕಿಗೆ ಕೊಟ್ಟ ಪಟ್ಟಿ ತರಿಸಿದರೆ ಅದರಲ್ಲಿ 640! ಮಾಲೀಕರಿಗೆ ನಾಚಿಕೆಯೂ ಇಲ್ಲ. "ಸಾಹೇಬ್ರ, ಅದು ಸಾಲಕ್ಕ ಬರೆದ ಲೆಕ್ಕ, ಇದು ತೆರಿಗಿಗೆ ಬರೆದ ಲೆಕ್ಕ" ಅಂದರು. ಉಳಿದ ಮಾಲು ಕಡಿಮೆ ತೋರಿಸಿದರೆ ಅದಕ್ಕೆ ಕೊಟ್ಟ ದುಡ್ಡೂ ಖರ್ಚಿಗೆ ಸೇರಿ ಲಾಭ ಕಡಿಮೆ ಕಾಣುತ್ತದೆ. ಲಾಭ ಕಡಿಮೆ ಅಂದರೆ ತೆರಿಗೆ ಕಡಿಮೆ. ನಾನು ಭಜಿ ತಿಂದು ಸಹಿ ಹಾಕಿ ಬಂದಿದ್ದರೆ ಆ 240 ಚೀಲದ ತೆರಿಗೆ ಆ ವರ್ಷ ಸರ್ಕಾರಕ್ಕೆ ಬರುತ್ತಿರಲಿಲ್ಲ. ಅಷ್ಟು ಸಾಲ ಜಾಸ್ತಿ. ಇಂಥ ಬೀಗ ಹಾಕಿದ ಕೋಣೆ ಊರೂರಿಗೆ ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ.

ಉಲ್ಟಾ ಮೋಸವೂ ಇದೆ, ಇಲ್ಲದ್ದನ್ನು ಇದೆ ಅಂತ ತೋರಿಸುವುದು. ಹೈದರಾಬಾದಿನ ಸತ್ಯಂ ಕಂಪನಿ ನೆನಪಿದೆಯಾ? 2009ರ ಜನವರಿ 7ರಂದು ಅದರ ಅಧ್ಯಕ್ಷರು ತಾವೇ ಪತ್ರ ಬರೆದು ಒಪ್ಪಿಕೊಂಡರು. ಲೆಕ್ಕದಲ್ಲಿದ್ದ 5,000 ಕೋಟಿ ರೂಪಾಯಿಗೂ ಜಾಸ್ತಿ ನಗದು ಬ್ಯಾಂಕಿನಲ್ಲಿ ಇರಲೇ ಇಲ್ಲ. ಆಡಿಟರುಗಳು ವರ್ಷಗಟ್ಟಲೆ ಸಹಿ ಹಾಕಿದ್ದರು. ಒಬ್ಬರಾದರೂ ಬಾಗಿಲಿಗೆ ಮೂಗು ಒಡ್ಡಬಾರದಿತ್ತಾ?

ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಅಂತ. ಸರಿ, ಬೇಗ ಹೇಳುತ್ತೇನೆ. ಸಾಲಕ್ಕೆ ಲಗಾಮು ಹಾಕಲು 2002ರಲ್ಲೇ ಕಾಯ್ದೆ ಮಾಡಿದ ರಾಜ್ಯ ನಮ್ಮದು, ದೇಶದಲ್ಲೇ ಮೊದಲು. ಒಳ್ಳೇದು. ಆದರೆ ಖರ್ಚಿಗೆ ಮಾತ್ರ ಲಗಾಮು ಹಾಕಿ, ಸೋರುವ ತೆರಿಗೆ ಬಿಟ್ಟರೆ ಪ್ರಯೋಜನ ಇಲ್ಲ. ಆಡಿಟರುಗಳ ಮೇಲೂ ಕಣ್ಣಿಡಲು 2018ರಲ್ಲಿ ಎನ್‌ಎಫ್‌ಆರ್‌ಎ ಅನ್ನುವ ಕೇಂದ್ರದ ಪ್ರಾಧಿಕಾರ ಬಂತು. ಅದು ದೊಡ್ಡ ಕಂಪನಿಗಳ ಆಡಿಟ್ ನೋಡುತ್ತದೆ. 2013ರ ಕಂಪನಿ ಕಾಯ್ದೆ ಪ್ರಕಾರ, ಷೇರುಪೇಟೆಯಲ್ಲಿರುವ ಕಂಪನಿಗೆ ಒಂದೇ ಆಡಿಟ್ ಸಂಸ್ಥೆ ಸತತವಾಗಿ 10 ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಸಲಿಗೆ ಬೆಳೆಯಬಾರದು ಅಂತ. ಸಣ್ಣ ಊರಿನ ಸಣ್ಣ ಕಂಪನಿಯಲ್ಲಿ ಕತೆ ಬೇರೆ. ಆಡಿಟರನ್ನು ಆರಿಸುವವರೂ ಮಾಲೀಕರೇ, ಫೀಸು ಕೊಡುವವರೂ ಮಾಲೀಕರೇ, ಭಜಿ ತಿನ್ನಿಸುವವರೂ ಅವರೇ.

ಹಾಂ, ಬ್ಯಾಡಗಿಯ ಆ ಅಣ್ಣತಮ್ಮಂದಿರು 640 ಚೀಲಕ್ಕೂ ಲೆಕ್ಕ ಬರೆದರು, ತೆರಿಗೆಯನ್ನೂ ಕಟ್ಟಿದರು. ಮುಂದಿನ ವರ್ಷ ಬೇರೆ ಆಡಿಟರ್ ಹಿಡಿದರು. ನಮಸ್ಕಾರ.