26 ಕೈಗಳ ಲೆಕ್ಕ

ಶ್ರೋತೃಗಳಿಗೆ ನಮಸ್ಕಾರ. ಶಿಕಾಗೋ ಎಂದ ಕೂಡಲೇ ನಮ್ಮ ಕಡೆಯವರಿಗೆ 1893ರ ಸರ್ವಧರ್ಮ ಸಮ್ಮೇಳನವೂ ಸ್ವಾಮಿ ವಿವೇಕಾನಂದರ ಭಾಷಣವೂ ನೆನಪಾಗುತ್ತವೆ. ಅದಾಗಿ ಸರಿಯಾಗಿ 90 ವರ್ಷಗಳಿಗೆ ಆ ನಗರದಲ್ಲಿ ಒಂದು ಚುನಾವಣೆ ನಡೆಯಿತು. 1983ರ ಆ ಮೇಯರ್ ಮತ್ತು ಕೌನ್ಸಿಲ್ ಚುನಾವಣೆಯೇ ಇಂದಿನ ನನ್ನ ವಿಷಯ. ಕಾಲೇಜಿನಲ್ಲಿ 30 ವರ್ಷ ರಾಜ್ಯಶಾಸ್ತ್ರ ಕಲಿಸಿದವನು ನಾನು. ಮೇಯರ್ ಹುದ್ದೆಯ ಕುರಿತು ಟಿಪ್ಪಣಿ ಬರೆಯಿರಿ ಎಂದರೆ ಮಕ್ಕಳು ‘ಮೇಯರ್ ನಗರದ ಪ್ರಥಮ ಪ್ರಜೆ’ ಎಂದು ಒಂದು ಸಾಲು ಬರೆದು, ಅದಕ್ಕೆ ಅಡಿಗೆರೆಯನ್ನೂ ಎಳೆದು, ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಿದ್ದರು. ಆ ಪ್ರಥಮ ಪ್ರಜೆಯ ಹಿಂದೆ ಎಷ್ಟು ಕೈಗಳು ಏಳುತ್ತವೆ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ನಾನು ಇವತ್ತು ಹೇಳುವುದು ಆ ಕೈಗಳ ಲೆಕ್ಕವನ್ನು ಮಾತ್ರ.

ಲೆಕ್ಕ ಸುಲಭವಾದದ್ದು. ಶಿಕಾಗೋ ನಗರದಲ್ಲಿ 50 ವಾರ್ಡುಗಳಿವೆ. ಕೌನ್ಸಿಲ್ಲಿಗೆ, ಅಂದರೆ ನಗರಸಭೆಗೆ, ವಾರ್ಡಿಗೆ ಒಬ್ಬರಂತೆ 50 ಮಂದಿ ಸದಸ್ಯರು. ಆಗ ಅಲ್ಲಿ ಅವರನ್ನು ಆಲ್ಡರ್‌ಮನ್ ಎನ್ನುತ್ತಿದ್ದರು, ನಾವು ಕಾರ್ಪೊರೇಟರ್ ಎಂದೇ ಕರೆಯೋಣ. ಬೆಂಗಳೂರಿನಲ್ಲಿ ಕಾರ್ಪೊರೇಟರುಗಳೇ ಸೇರಿ ಮೇಯರನ್ನು ಆರಿಸುವುದನ್ನು ನೀವು ನೋಡಿದ್ದೀರಿ. ಅಲ್ಲಿ ಹಾಗಲ್ಲ, ಮೇಯರನ್ನೂ ಜನರೇ ನೇರವಾಗಿ ಮತ ಹಾಕಿ ಆರಿಸುತ್ತಾರೆ. ಆದರೆ ನಗರದ ಆಯವ್ಯಯಕ್ಕೆ, ನೇಮಕಗಳಿಗೆ, ಬಹುಪಾಲು ದೊಡ್ಡ ತೀರ್ಮಾನಗಳಿಗೆ ಕೌನ್ಸಿಲ್ಲಿನ ಒಪ್ಪಿಗೆ ಬೇಕು. 50ರಲ್ಲಿ ಬಹುಮತವೆಂದರೆ 26. ಆ 26 ಕೈಗಳು ಯಾರ ಕಡೆಗಿವೆಯೋ ನಗರ ಅವರದ್ದು. ಈ ಅಂಕಿಯನ್ನು ದಯವಿಟ್ಟು ನೆನಪಿನಲ್ಲಿಡಿ, ನಾನು ಮತ್ತೆ ಮತ್ತೆ ಇದಕ್ಕೇ ಬರುತ್ತೇನೆ.

1955ರಿಂದ 1976ರವರೆಗೆ, 21 ವರ್ಷ, ಆ ನಗರವನ್ನು ಆಳಿದವರು ರಿಚರ್ಡ್ ಜೆ. ಡೇಲಿ. ಅವರಿಗೆ ಈ ಲೆಕ್ಕದ ಚಿಂತೆಯೇ ಇರಲಿಲ್ಲ. ಡೆಮಾಕ್ರಟಿಕ್ ಪಕ್ಷದ ಜಿಲ್ಲಾ ಅಧ್ಯಕ್ಷರೂ ಅವರೇ, ಮೇಯರೂ ಅವರೇ. ಸರ್ಕಾರಿ ಕೆಲಸ ಬೇಕೆಂದರೆ ವಾರ್ಡಿನ ಪಕ್ಷದ ಮುಖಂಡನ ಚೀಟಿ ಬೇಕು, ಆ ಕೆಲಸ ಉಳಿಯಬೇಕೆಂದರೆ ಚುನಾವಣೆಯ ದಿನ ತನ್ನ ಬೀದಿಯ ಮತಗಳನ್ನು ತಂದು ತೋರಿಸಬೇಕು. ಕೌನ್ಸಿಲ್ಲಿನಲ್ಲಿ ಎದುರು ಮಾತನಾಡುತ್ತಿದ್ದವರು ಬೆರಳೆಣಿಕೆಯ ಮಂದಿ. ಅವರಲ್ಲೊಬ್ಬರಾದ ಲಿಯಾನ್ ಡೆಸ್ಪ್ರೆಸ್ ಎದ್ದು ನಿಂತರೆ ಅವರ ಧ್ವನಿವರ್ಧಕವನ್ನೇ ಆರಿಸಿಬಿಡುತ್ತಿದ್ದರು. 1976ರ ಡಿಸೆಂಬರಿನಲ್ಲಿ ಡೇಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಕೌನ್ಸಿಲ್ಲಿನ ಹಂಗಾಮಿ ಅಧ್ಯಕ್ಷರಾಗಿದ್ದ ಕಪ್ಪು ಜನಾಂಗದ ವಿಲ್ಸನ್ ಫ್ರಾಸ್ಟ್, ಈಗ ಹಂಗಾಮಿ ಮೇಯರ್ ತಾನೇ ಎಂದು ಬಂದರೆ ಮೇಯರ್ ಕಚೇರಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಕೌನ್ಸಿಲ್ ಸೇರಿ ಡೇಲಿಯವರದೇ ವಾರ್ಡಿನ ಮೈಕೆಲ್ ಬಿಲಾಂಡಿಕ್ ಅವರನ್ನು ಕೂರಿಸಿತು. ಅಲ್ಲಿಯೂ ಕೆಲಸ ಮಾಡಿದ್ದು ಕೈಗಳ ಲೆಕ್ಕವೇ.

ಈಗ ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಇದನ್ನು ಹೇಳದೆ ಶಿಕಾಗೋ ಕಥೆ ಹೇಳುವುದು ನನ್ನಿಂದ ಆಗುವುದಿಲ್ಲ. 1979ರ ಜನವರಿ ತಿಂಗಳು. ಹೊಸ ವರ್ಷದ ಹೊತ್ತಿಗೆ ಬಿದ್ದ ಹಿಮವೇ ಇನ್ನೂ ಕರಗಿರಲಿಲ್ಲ. 13 ಮತ್ತು 14ರಂದು ಅದರ ಮೇಲೆ ಮತ್ತೆ ಸುಮಾರು 20 ಇಂಚು ಹಿಮ ಸುರಿಯಿತು. ನಮ್ಮಲ್ಲಿ ಹಿಮವೆಂದರೆ ಕ್ಯಾಲೆಂಡರಿನಲ್ಲಿ ನೋಡುವ ಚಿತ್ರ. ಆದುದರಿಂದ ಹೀಗೆ ಊಹಿಸಿಕೊಳ್ಳಿ: ರಾತ್ರಿ ಮಲಗಿ ಬೆಳಿಗ್ಗೆ ಬಾಗಿಲು ತೆರೆದರೆ ಮಂಡಿಯವರೆಗೆ ಬೆಳ್ಳಗೆ ತುಂಬಿಕೊಂಡಿದೆ, ಬೀದಿಯಲ್ಲಿ ಕಾರುಗಳೆಲ್ಲ ಬಿಳಿಯ ದಿಣ್ಣೆಗಳಾಗಿವೆ, ಯಾವ ದಿಣ್ಣೆಯ ಕೆಳಗೆ ತನ್ನ ಕಾರಿದೆಯೆಂದು ಯಜಮಾನನಿಗೇ ತಿಳಿಯದು. ಸಲಿಕೆ ಹಿಡಿದು ಗಂಟೆಗಟ್ಟಲೆ ಅಗೆದರೆ ಒಂದು ಕಾರು ಹೊರಬರುತ್ತದೆ. ಹೊರಬಂದ ಕಾರನ್ನು ಕೆಲಸಕ್ಕೆ ಒಯ್ದರೆ, ಅಗೆದು ಮಾಡಿಕೊಂಡ ಜಾಗದಲ್ಲಿ ಬೇರೊಬ್ಬ ಬಂದು ನಿಲ್ಲಿಸಿಬಿಡುತ್ತಾನಲ್ಲ! ಅದಕ್ಕೆ ಶಿಕಾಗೋ ಜನ ಒಂದು ಉಪಾಯ ಮಾಡುತ್ತಾರೆ. ಮನೆಯ ಮುರುಕು ಕುರ್ಚಿಯನ್ನೋ ಇಸ್ತ್ರಿ ಮಾಡುವ ಹಲಗೆಯನ್ನೋ ತಂದು ಆ ಜಾಗದಲ್ಲಿ ಇಟ್ಟು ಹೋಗುತ್ತಾರೆ. ನಮ್ಮವರು ಕಿಟಕಿಯಿಂದಲೇ ಬಸ್ಸಿನ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಥೇಟ್ ಅದೇ. ಕುರ್ಚಿ ಇಟ್ಟ ಜಾಗವನ್ನು ಮುಟ್ಟಿದರೆ ಜಗಳ ಖಂಡಿತ.

ಹಿಮ ತೆಗೆಯುವುದು ನಗರಾಡಳಿತದ ಕೆಲಸ. ದಿನಗಳು ಉರುಳಿದರೂ ಅನೇಕ ಬೀದಿಗಳಿಗೆ ಯಂತ್ರ ಬರಲಿಲ್ಲ, ಕಸ ಎತ್ತುವವರು ಬರಲಿಲ್ಲ. ಶಾಲೆಗಳ ಅಂಗಳಗಳಲ್ಲಿ ಹಿಮ ತೆಗೆಸಿದ್ದೇವೆ, ಕಾರುಗಳನ್ನು ಅಲ್ಲಿಗೆ ಒಯ್ಯಿರಿ ಎಂದು ಮೇಯರ್ ಬಿಲಾಂಡಿಕ್ ಹೇಳಿದರು. ಜನ ಹೋಗಿ ನೋಡಿದರೆ ಅಲ್ಲಿಯೂ ಹಿಮದ ರಾಶಿ. ಇನ್ನೊಂದು ಕಡೆ, ನಗರದ ಮೇಲುಹಳಿಯ ರೈಲುಗಳು ತಡವಾಗುತ್ತಿವೆಯೆಂದು, ಹೊರವಲಯದಿಂದ ಬರುವವರನ್ನು ಬೇಗ ಪೇಟೆಗೆ ಮುಟ್ಟಿಸುವುದಕ್ಕಾಗಿ, ನಡುವೆ ಸಿಗುವ ಕಪ್ಪು ಜನರ ಬಡಾವಣೆಗಳ ನಿಲ್ದಾಣಗಳಲ್ಲಿ ರೈಲನ್ನು ನಿಲ್ಲಿಸದೆಯೇ ಓಡಿಸಿದರು. ಚಳಿಯಲ್ಲಿ ನಡುಗುತ್ತಾ ನಿಂತವರ ಕಣ್ಣೆದುರಿಗೇ ರೈಲು ದಾಟಿ ಹೋಗುತ್ತಿತ್ತು. ಪಕ್ಷಕ್ಕೆ ಕಣ್ಣು ಮುಚ್ಚಿ ಮತ ಹಾಕುತ್ತಾ ಬಂದಿದ್ದವರು ಇದೇ ಜನ. ಟೀಕೆ ಹೆಚ್ಚಾದಾಗ ಮೇಯರು ತಮ್ಮ ಕಷ್ಟವನ್ನು ಯೇಸುವಿನ ಶಿಲುಬೆಗೆ ಹೋಲಿಸಿ ಭಾಷಣ ಮಾಡಿದ್ದು ಉರಿಯುವ ಗಾಯಕ್ಕೆ ಉಪ್ಪು ಸವರಿದಂತಾಯಿತು. ಈ ಬಿಲಾಂಡಿಕ್ ಅವರೇ ಹಿಂದೆ ಕೆಲಸದಿಂದ ತೆಗೆದುಹಾಕಿದ್ದ ಜೇನ್ ಬರ್ನ್ ಎಂಬ ಮಹಿಳೆ ಹಿಮದಲ್ಲಿ ನಿಂತುಕೊಂಡು ದೂರದರ್ಶನದ ಜಾಹೀರಾತು ಮಾಡಿದರು. ಫೆಬ್ರವರಿ 27ರಂದು ಪಕ್ಷದೊಳಗಿನ ಚುನಾವಣೆ, ಅಂದರೆ ಪ್ರೈಮರಿ, ನಡೆಯಿತು. ಬರ್ನ್ 17 ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದರು. ಕಪ್ಪು ಜನರ ವಾರ್ಡುಗಳು ಅವರ ಕೈ ಹಿಡಿದಿದ್ದವು.

ಎಲ್ಲರೂ ಈ ಕಥೆಯನ್ನು ‘ಹಿಮ ಉರುಳಿಸಿದ ಮೇಯರ್’ ಎಂದು ಹೇಳಿ ನಕ್ಕು ಮುಗಿಸುತ್ತಾರೆ. ಅಲ್ಲಿಗೆ ಮುಗಿಸುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಹಿಮ ಉರುಳಿಸಿದ್ದು ಒಬ್ಬ ಮೇಯರನ್ನು ಮಾತ್ರ, 50 ಕುರ್ಚಿಗಳಲ್ಲಿ ಕುಳಿತವರು ಬಹುಪಾಲು ಹಳಬರೇ. ಪ್ರಚಾರದಲ್ಲಿ ಜೇನ್ ಬರ್ನ್, ಕೌನ್ಸಿಲ್ಲನ್ನು ಆಡಿಸುತ್ತಿರುವ ದುಷ್ಟಕೂಟವನ್ನು ಒಡೆಯುತ್ತೇನೆ ಎಂದಿದ್ದರು. ಆ ಕೂಟದ ಪ್ರಮುಖರು 10ನೇ ವಾರ್ಡಿನ ಎಡ್ವರ್ಡ್ ವರ್ಡೋಲ್ಯಾಕ್ ಮತ್ತು 14ನೇ ವಾರ್ಡಿನ ಎಡ್ವರ್ಡ್ ಬರ್ಕ್. ಗೆದ್ದು ಹೆಚ್ಚು ಕಾಲ ಆಗುವ ಮೊದಲೇ ಬರ್ನ್ ಅದೇ ಇಬ್ಬರ ಜೊತೆ ಕೈ ಜೋಡಿಸಿದರು. ಏಕೆಂದರೆ ಆಯವ್ಯಯ ಪಾಸಾಗಲು 26 ಕೈ ಬೇಕು, ಆ ಕೈಗಳು ಇದ್ದದ್ದು ಇವರ ಬಳಿ.

ರೈಲು ನಿಲ್ಲದ ನಿಲ್ದಾಣದಲ್ಲಿ ನಿಂತವರಿಗೆ ಮಾತ್ರ ಒಂದು ಪಾಠ ಸಿಕ್ಕಿತ್ತು. ನಮ್ಮ ಮತಗಳು ಒಟ್ಟಾದರೆ ಮೇಯರನ್ನು ಇಳಿಸಬಹುದು ಎನ್ನುವುದು ಅವರಿಗೆ ಅರ್ಥವಾಯಿತು. 1982ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ ದೊಡ್ಡ ಅಭಿಯಾನ ನಡೆದು, ಲಕ್ಷಕ್ಕೂ ಹೆಚ್ಚು ಕಪ್ಪು ಮತದಾರರು ಹೊಸದಾಗಿ ಸೇರಿದರು. ಕೂದಲಿನ ಆರೈಕೆಯ ವಸ್ತುಗಳನ್ನು ತಯಾರಿಸುತ್ತಿದ್ದ ಎಡ್ವರ್ಡ್ ಗಾರ್ಡ್ನರ್ ಎಂಬ ಉದ್ಯಮಿ ಇದರ ಜಾಹೀರಾತುಗಳ ಖರ್ಚು ಹೊತ್ತರು. ಆಮೇಲಷ್ಟೇ ಸಂಸತ್ ಸದಸ್ಯರಾಗಿದ್ದ, ಕಪ್ಪು ಜನಾಂಗದ ಹೆರಾಲ್ಡ್ ವಾಷಿಂಗ್ಟನ್ ಮೇಯರ್ ಸ್ಥಾನಕ್ಕೆ ಸ್ಪರ್ಧಿಸಲು ಒಪ್ಪಿದರು. 1983ರ ಫೆಬ್ರವರಿ 22ರ ಪ್ರೈಮರಿಯಲ್ಲಿ ವಾಷಿಂಗ್ಟನ್ ಅವರಿಗೆ ಶೇಕಡಾ 36, ಮೇಯರ್ ಬರ್ನ್ ಅವರಿಗೆ 33, ಹಳೆಯ ಡೇಲಿಯವರ ಮಗ ರಿಚರ್ಡ್ ಎಂ. ಡೇಲಿ ಅವರಿಗೆ 30ರ ಆಸುಪಾಸು ಮತಗಳು ಬಿದ್ದವು. ಬಿಳಿಯರ ಮತ ಇಬ್ಬರ ನಡುವೆ ಹಂಚಿಹೋಗಿತ್ತು.

1931ರಿಂದ ಆಚೆಗೆ ಶಿಕಾಗೋದಲ್ಲಿ ರಿಪಬ್ಲಿಕನ್ ಮೇಯರ್ ಇದ್ದದ್ದೇ ಇಲ್ಲ. ಡೆಮಾಕ್ರಟಿಕ್ ಟಿಕೆಟ್ ಸಿಕ್ಕಿತೆಂದರೆ ಗೆದ್ದಂತೆಯೇ. ಆದರೆ ಅಭ್ಯರ್ಥಿ ಕಪ್ಪು ಜನಾಂಗದವರೆಂದ ಕೂಡಲೇ ಡೆಮಾಕ್ರಟಿಕ್ ಪಕ್ಷದ ಅನೇಕ ವಾರ್ಡ್ ಮುಖಂಡರು ರಾತ್ರೋರಾತ್ರಿ ರಿಪಬ್ಲಿಕನ್ ಅಭ್ಯರ್ಥಿ ಬರ್ನಾರ್ಡ್ ಎಪ್ಟನ್ ಕಡೆಗೆ ವಾಲಿದರು. ‘ಕಾಲ ಮಿಂಚುವ ಮುನ್ನ’ ಎನ್ನುವುದು ಎಪ್ಟನ್ ಅವರ ಜಾಹೀರಾತಿನ ಘೋಷಣೆ. ಯಾವ ಕಾಲ, ಏಕೆ ಮಿಂಚುತ್ತದೆ ಎನ್ನುವುದನ್ನು ವಿವರಿಸಬೇಕಾದ ಅಗತ್ಯ ಆ ನಗರದಲ್ಲಿ ಯಾರಿಗೂ ಇರಲಿಲ್ಲ. ಏಪ್ರಿಲ್ 12ರಂದು ಶೇಕಡಾ 80ಕ್ಕೂ ಮೀರಿ ಮತದಾನವಾಯಿತು. ವಾಷಿಂಗ್ಟನ್ ಅವರಿಗೆ 6,68,176 ಮತಗಳು, ಎಪ್ಟನ್ ಅವರಿಗೆ 6,19,926. ನಗರಕ್ಕೆ ಮೊದಲ ಬಾರಿಗೆ ಕಪ್ಪು ಜನಾಂಗದ ಮೇಯರ್ ಬಂದರು. ದಕ್ಷಿಣ ಭಾಗದ ಬೀದಿಗಳಲ್ಲಿ ಜನ ಹಬ್ಬ ಮಾಡಿದರು.

ಹಬ್ಬ ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಅದೇ ಫೆಬ್ರವರಿ 22ರಂದು, ಅದೇ ಮತಗಟ್ಟೆಗಳಲ್ಲಿ, ಕೌನ್ಸಿಲ್ಲಿಗೂ ಮತದಾನ ನಡೆದಿತ್ತು. ಮೇಯರ್ ಸ್ಪರ್ಧೆಗೆ ನಾಲ್ಕು ಬಾರಿ ದೂರದರ್ಶನದ ಚರ್ಚೆ ನಡೆಯಿತು, ಲಕ್ಷಾಂತರ ಜನ ನೋಡಿದರು. ವಾರ್ಡಿನ ಸ್ಪರ್ಧೆಯನ್ನು ಅಷ್ಟು ಗಮನ ಕೊಟ್ಟು ನೋಡಿದವರು ಯಾರು? ಎಲ್ಲ ವಾರ್ಡುಗಳಲ್ಲೂ ತಮ್ಮವರನ್ನು ನಿಲ್ಲಿಸುವಷ್ಟು ಸಮಯವಾಗಲಿ ತಂಡವಾಗಲಿ ವಾಷಿಂಗ್ಟನ್ ಅವರಿಗೂ ಇರಲಿಲ್ಲ.

ಫಲ ಮೇ 2ರಂದು, ಕೌನ್ಸಿಲ್ಲಿನ ಸಭೆಯಲ್ಲಿ ಕಂಡಿತು. ವಾಷಿಂಗ್ಟನ್ ಅಧ್ಯಕ್ಷ ಪೀಠದಲ್ಲಿ ಕುಳಿತು ತಲೆ ಎಣಿಸಿದರು. ತಮ್ಮ ಕಡೆ 21, ವರ್ಡೋಲ್ಯಾಕ್ ಕಡೆ 29. ಆ 29ರಲ್ಲಿ ಕಪ್ಪು ಜನಾಂಗದ ಸದಸ್ಯರು ಒಬ್ಬರೂ ಇರಲಿಲ್ಲ. ಮೇಯರು ಬೇಗ ಬೇಗ ಸಭೆ ಮುಂದೂಡಲಾಗಿದೆ ಎಂದು ಸುತ್ತಿಗೆ ಕುಟ್ಟಿ, ತಮ್ಮವರೊಂದಿಗೆ ಹೊರನಡೆದರು. ವರ್ಡೋಲ್ಯಾಕ್ ಏನು ಮಾಡಿದರು? ಅದೇ ಸುತ್ತಿಗೆಯನ್ನು ಎತ್ತಿಕೊಂಡು ಸಭೆಯನ್ನು ಮುಂದುವರಿಸಿದರು. 20 ಇದ್ದ ಸ್ಥಾಯಿ ಸಮಿತಿಗಳನ್ನು 29ಕ್ಕೆ ಏರಿಸಿ, ಅವುಗಳ ಅಧ್ಯಕ್ಷತೆಗಳನ್ನು ತಮ್ಮ ಗುಂಪಿಗೆ ಹಂಚಿದರು. ಹಣಕಾಸು ಸಮಿತಿ ಬರ್ಕ್ ಅವರಿಗೆ ಹೋಯಿತು. ಮೇಯರು ನ್ಯಾಯಾಲಯಕ್ಕೆ ಹೋದರು, ಅಲ್ಲಿಯೂ ಸೋತರು.

ಅಲ್ಲಿಂದ ಮೂರು ವರ್ಷ ಹಗ್ಗಜಗ್ಗಾಟ. ಕೌನ್ಸಿಲ್ಲಿನ ನಿರ್ಣಯವನ್ನು ಮೇಯರ್ ತಡೆಹಿಡಿದರೆ ಆ ತಡೆಯನ್ನು ಮುರಿಯಲು 34 ಕೈ ಬೇಕು, ವರ್ಡೋಲ್ಯಾಕ್ ಬಳಿ ಇದ್ದದ್ದು 29. ಮೇಯರಿಗೆ ಹೊಸದೇನನ್ನಾದರೂ ಮಾಡಲು 26 ಬೇಕು, ಅವರ ಬಳಿ ಇದ್ದದ್ದು 21. ಹೀಗಾಗಿ ಇವರು ಮಾಡಿದ್ದನ್ನು ಅವರು ಕೆಡಿಸುವುದು, ಅವರು ಮಾಡಿದ್ದನ್ನು ಇವರು ತಡೆಯುವುದು. ಮೇಯರು ಸೂಚಿಸಿದ ಹೆಸರುಗಳು ವರ್ಷಗಟ್ಟಲೆ ಸಮಿತಿಯಲ್ಲಿ ಕೊಳೆತವು. ಒಬ್ಬ ಹಾಸ್ಯಗಾರ ‘ಸ್ಟಾರ್ ವಾರ್ಸ್’ ಸಿನಿಮಾದ ಹೆಸರನ್ನು ಅಣಕಿಸಿ ಇದಕ್ಕೆ ‘ಕೌನ್ಸಿಲ್ ವಾರ್ಸ್’ ಎಂದು ಹೆಸರಿಟ್ಟ. ಜನ ನಕ್ಕರು, ನಗುವ ವಿಷಯವೇನೂ ಆಗಿರಲಿಲ್ಲ. ಆರೂವರೆ ಲಕ್ಷ ಮತಗಳನ್ನು 29 ಮಂದಿ ಕಟ್ಟಿಹಾಕಿದ್ದರು.

ಹಿಮದ ಕಥೆಗೆ ಹೆಚ್ಚು ಸಮಯ ಕೊಟ್ಟುಬಿಟ್ಟೆ, ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಆದ್ದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ವಾರ್ಡುಗಳ ಗಡಿಯನ್ನು ಕಪ್ಪು ಮತ್ತು ಲ್ಯಾಟಿನ್ ಮೂಲದ ಜನರಿಗೆ ಅನ್ಯಾಯವಾಗುವಂತೆ ಗೆರೆ ಎಳೆದಿದ್ದಾರೆ ಎಂದು ಹೂಡಿದ್ದ ದಾವೆ ಗೆದ್ದು, 7 ವಾರ್ಡುಗಳಲ್ಲಿ 1986ರ ಮಾರ್ಚ್ 18ರಂದು ಮರುಚುನಾವಣೆ ಆಯಿತು. ಮೇಯರ್ ಕಡೆಗೆ ತಕ್ಷಣ ಬಂದದ್ದು ಎರಡು ವಾರ್ಡು. 26ನೇ ವಾರ್ಡಿನಲ್ಲಿ ಅವರ ಬೆಂಬಲಿಗ ಲೂಯಿಸ್ ಗುಟಿಯೆರೆಜ್ ಮುಂದಿದ್ದದ್ದು ಸುಮಾರು 20 ಮತಗಳಿಂದ. ಮತಪತ್ರದಲ್ಲಿ ಹೆಸರೇ ಇಲ್ಲದ ಮೂರನೆಯವನೊಬ್ಬನಿಗೆ ಕೆಲವರು ಕೈಯಿಂದ ಹೆಸರು ಬರೆದು ಮತ ಹಾಕಿದ್ದರು. ಆ ಬೆರಳೆಣಿಕೆಯ ಮತಗಳಿಂದಾಗಿ ಗುಟಿಯೆರೆಜ್ ಅವರಿಗೆ ಅರ್ಧಕ್ಕಿಂತ ಹೆಚ್ಚು ಮತ ದಕ್ಕದೆ ಹೋಗಿ ಮತ್ತೊಂದು ಸುತ್ತು ನಡೆಯಬೇಕಾಯಿತು. ಇಡೀ ನಗರದ ಆಡಳಿತ ಒಂದು ವಾರ್ಡಿನ ಇಪ್ಪತ್ತು ಚೀಟಿಗಳ ಮೇಲೆ ನಿಂತಿತ್ತು. ಏಪ್ರಿಲ್ 29ರಂದು ಅವರು ಗೆದ್ದರು, 15ನೇ ವಾರ್ಡಿನಲ್ಲಿ ಮಾರ್ಲೀನ್ ಕಾರ್ಟರ್ ಗೆದ್ದರು. ಲೆಕ್ಕ 25ಕ್ಕೆ 25 ಆಯಿತು. ಸಮಬಲವಾದಾಗ ಮೇಯರಿಗೆ ಒಂದು ಮತವುಂಟು. ಅಲ್ಲಿಗೆ 26. ಕೊಳೆತು ಬಿದ್ದಿದ್ದ ನೇಮಕಗಳು ಆಗ ಪಾಸಾದವು.

1987ರಲ್ಲಿ ವಾಷಿಂಗ್ಟನ್ ಮತ್ತೆ ಗೆದ್ದರು. ಅದೇ ವರ್ಷ ನವೆಂಬರ್ 25ರಂದು ತಮ್ಮ ಕಚೇರಿಯ ಮೇಜಿನ ಮುಂದೆಯೇ ಹೃದಯಾಘಾತದಿಂದ ಕುಸಿದು ತೀರಿಕೊಂಡರು. ಅವರ ಜಾಗಕ್ಕೆ ಯಾರು ಎಂದು ತೀರ್ಮಾನಿಸುವ ಅಧಿಕಾರ ಜನರಿಗಲ್ಲ, ಕೌನ್ಸಿಲ್ಲಿಗೆ ಬಂತು. ಡಿಸೆಂಬರ್ 1ರ ಸಂಜೆ ಸಾವಿರಾರು ಜನ ನಗರ ಭವನಕ್ಕೆ ನುಗ್ಗಿ ಬಂದರು. ಅವರಿಗೆ ಬೇಕಾಗಿದ್ದವರು ವಾಷಿಂಗ್ಟನ್ ಅವರ ಆಪ್ತ ಟಿಮೊತಿ ಇವಾನ್ಸ್. ಹಳೆಯ ಗುಂಪಿನವರು ಮೃದು ಸ್ವಭಾವದ ಯೂಜೀನ್ ಸಾಯರ್ ಎಂಬ ಕಪ್ಪು ಜನಾಂಗದವರದೇ ಹೆಸರನ್ನು ಮುಂದೆ ತಂದಿದ್ದರು. ಜನ ಡಾಲರ್ ನೋಟುಗಳನ್ನು ಬೀಸುತ್ತಾ ಕೂಗಿದರು, ಒಬ್ಬ ಕಾರ್ಪೊರೇಟರು ಮೇಜಿನ ಮೇಲೆ ಹತ್ತಿ ನಿಂತು ಮಾತಿಗೆ ಅವಕಾಶ ಕೇಳಿದರು, ರಾತ್ರಿಯೆಲ್ಲ ಗದ್ದಲ. ಬೆಳಗಿನ ಜಾವ 4 ಗಂಟೆ ಆಗುತ್ತಿದ್ದಂತೆ ಕೈಗಳ ಎಣಿಕೆ ಮುಗಿಯಿತು. ಇವಾನ್ಸ್ ಅವರಿಗೆ 19, ಸಾಯರ್ ಅವರಿಗೆ 29. ನಮಸ್ಕಾರ.