ಹಾಟ್ ಡಾಗ್ ಯಾವ ಜಾತಿ?

ಕೇಳುಗರಿಗೆ ನಮಸ್ಕಾರ.

ನ್ಯೂಯಾರ್ಕಿನ ಬೀದಿಗಳಲ್ಲಿ ಹಾಟ್ ಡಾಗ್ ಮಾರುವ ತಳ್ಳುಗಾಡಿಗಳಿವೆ. ಮೇಲೊಂದು ದೊಡ್ಡ ಛತ್ರಿ, ಕೆಳಗೆ ಸ್ಟೀಲಿನ ಮುಚ್ಚಳ. ಮುಚ್ಚಳ ತೆಗೆದರೆ ಮುಖಕ್ಕೆ ಹಬೆ ರಾಚುತ್ತದೆ. ಬಿಸಿನೀರಿನಲ್ಲಿ ಹೆಬ್ಬೆರಳು ದಪ್ಪದ ಸಾಸೇಜುಗಳು, ಅಂದರೆ ಅರೆದ ಮಾಂಸ ತುಂಬಿದ ಉದ್ದನೆಯ ಕೊಳವೆಗಳು, ತೇಲುತ್ತಿರುತ್ತವೆ. ಗಾಡಿಯವನು ಇಕ್ಕಳದಲ್ಲಿ ಒಂದನ್ನು ಎತ್ತಿ, ಉದ್ದನೆಯ ಬನ್ನಿನ ಹೊಟ್ಟೆಯೊಳಗೆ ಮಲಗಿಸುತ್ತಾನೆ. ಅದರ ಮೇಲೆ ಒಂದು ಗೆರೆ ಸಾಸಿವೆ ಸಾಸು, ಬೇಕಾದರೆ ಒಂದಿಷ್ಟು ಈರುಳ್ಳಿ. ಅಷ್ಟೇ, ಮುಗೀತು.

ಆ ಬನ್ನನ್ನು ಒಂದು ಸಲ ನೋಡಿ. ಒಂದು ಕಡೆ ಸೀಳಿರುತ್ತದೆ. ಇನ್ನೊಂದು ಕಡೆ ಹಾಗೇ ಅಂಟಿಕೊಂಡಿರುತ್ತದೆ, ಪುಸ್ತಕದ ಬೆನ್ನಿನ ಹಾಗೆ. ಹಾಟ್ ಡಾಗ್ ಸ್ಯಾಂಡ್‌ವಿಚ್ ಹೌದೋ ಅಲ್ಲವೋ ಅಂತ ಅಮೆರಿಕದವರು ಜಗಳಾಡುವುದು ಮುಖ್ಯವಾಗಿ ಆ ಅಂಟಿಕೊಂಡ ಜಾಗದ ಮೇಲೆ. ಸ್ಯಾಂಡ್‌ವಿಚ್ ಅಂದರೆ ಎರಡು ಹೋಳು ಬ್ರೆಡ್ಡು, ಇದು ಒಂದೇ ಅಲ್ವಾ ಅಂತ ಒಬ್ಬರು. ಹಾಗಾದರೆ ತಿನ್ನುವಾಗ ಬೆನ್ನು ಹರಿದುಹೋದರೆ ಅಲ್ಲೇ ಜಾತಿ ಬದಲಾಗುತ್ತಾ ಅಂತ ಇನ್ನೊಬ್ಬರು.

ನಗಬೇಡಿ. ಅಲ್ಲಿ ರಾಷ್ಟ್ರೀಯ ಹಾಟ್ ಡಾಗ್ ಮತ್ತು ಸಾಸೇಜ್ ಮಂಡಳಿ ಅಂತಲೇ ಒಂದು ಇದೆ. ಮಾಂಸದ ಉದ್ಯಮದವರದ್ದು. 2015ರಲ್ಲಿ ಅವರು ಹಾಟ್ ಡಾಗ್ ಸ್ಯಾಂಡ್‌ವಿಚ್ ಅಲ್ಲ ಅಂತ ಘೋಷಣೆಯನ್ನೇ ಹೊರಡಿಸಿದರು. ಅದನ್ನು ಬರೀ ಸ್ಯಾಂಡ್‌ವಿಚ್ ಅಂದರೆ ದಲೈ ಲಾಮಾ ಅವರನ್ನು 'ಯಾರೋ ಒಬ್ಬ' ಅಂದ ಹಾಗಂತೆ! ಮರುವರ್ಷ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ಇದಕ್ಕೆ ತದ್ವಿರುದ್ಧ ತೀರ್ಪು ಕೊಟ್ಟರು. ಎರಡು ಹೋಳು ಬ್ರೆಡ್ಡಾದರೂ ಸರಿ, ಸೀಳಿದ ಬನ್ನಾದರೂ ಸರಿ, ನಡುವೆ ಏನಾದರೂ ತುಂಬಿದ್ದರೆ ಸ್ಯಾಂಡ್‌ವಿಚ್ಚೇ ಅಂದರು.

ನನಗೆ ಇವರಿಬ್ಬರಿಗಿಂತ ತೆರಿಗೆಯವರ ಮಾತೇ ರುಚಿ. ದುಡ್ಡಿನ ವಿಷಯ ಬಂದಾಗ ಅವರು ಗೊಂದಲ ಇಟ್ಟುಕೊಳ್ಳುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಸ್ಯಾಂಡ್‌ವಿಚ್ಚಿಗೆ ಮಾರಾಟ ತೆರಿಗೆ ಇದೆ. ಯಾವುದೆಲ್ಲ ಸ್ಯಾಂಡ್‌ವಿಚ್ ಅಂತ ಇಲಾಖೆಯವರೇ ಪಟ್ಟಿ ಮಾಡಿದ್ದಾರೆ. ಬನ್ನಿನಲ್ಲಿಟ್ಟ ಹಾಟ್ ಡಾಗ್ ಅದರಲ್ಲಿದೆ. ಬರಿಟೊ ಕೂಡ ಇದೆ, ಅಂದರೆ ತೆಳು ರೊಟ್ಟಿಯಲ್ಲಿ ಅನ್ನ, ಕಾಳು, ಮಾಂಸ ತುಂಬಿ ಸುತ್ತಿದ್ದು. ಬೇಗಲ್ ಅಂತ ಒಂದು ಬರುತ್ತದೆ, ನಮ್ಮ ಉದ್ದಿನ ವಡೆಯ ಆಕಾರದ ಬ್ರೆಡ್ಡು. ಅದನ್ನು ಇಡಿಯಾಗಿ ಮನೆಗೆ ಒಯ್ದರೆ ತೆರಿಗೆ ಇಲ್ಲ. ಅಂಗಡಿಯವನು ಸೀಳಿ ಬೆಣ್ಣೆ ಸವರಿದನೋ, ಅದು ಸ್ಯಾಂಡ್‌ವಿಚ್! ತೆರಿಗೆ ಕಟ್ಟಿ.

ಕೋರ್ಟಿಗೂ ಹೋಗಿದ್ದಾರೆ. ಮ್ಯಾಸಚೂಸೆಟ್ಸಿನ ಒಂದು ಮಾಲಿನಲ್ಲಿ ಪನೇರಾ ಅನ್ನುವ ಬ್ರೆಡ್ ಅಂಗಡಿ ಇತ್ತು. ಇನ್ನೊಂದು ಸ್ಯಾಂಡ್‌ವಿಚ್ ಅಂಗಡಿಗೆ ಇಲ್ಲಿ ಜಾಗ ಕೊಡಬಾರದು ಅಂತ ಅವರು ಬಾಡಿಗೆ ಕರಾರಿನಲ್ಲೇ ಬರೆಸಿಕೊಂಡಿದ್ದರು. ಮಾಲಿನವರು ಬರಿಟೊ ಮಾರುವ ಮೆಕ್ಸಿಕನ್ ಹೋಟೆಲಿಗೆ ಜಾಗ ಕೊಡಲು ಹೊರಟರು. ಬರಿಟೊ ಕೂಡ ಸ್ಯಾಂಡ್‌ವಿಚ್ಚೇ ಅಂತ ಪನೇರಾದವರ ತಕರಾರು. 2006ರಲ್ಲಿ ನ್ಯಾಯಾಧೀಶರು ನಿಘಂಟು ನೋಡಿ ಹೇಳಿದರು: ಸ್ಯಾಂಡ್‌ವಿಚ್ಚಿಗೆ ಎರಡು ಹೋಳು ಬ್ರೆಡ್ಡು ಬೇಕು, ಬರಿಟೊದಲ್ಲಿರುವುದು ಒಂದೇ ರೊಟ್ಟಿ, ಹಾಗಾಗಿ ಅಲ್ಲ. ಹದಿನೆಂಟು ವರ್ಷ ಬಿಟ್ಟು, 2024ರಲ್ಲಿ, ಇಂಡಿಯಾನಾದ ಫೋರ್ಟ್ ವೇನಿನಲ್ಲಿ ಇನ್ನೊಬ್ಬ ನ್ಯಾಯಾಧೀಶರು ಬರಿಟೊ, ರೊಟ್ಟಿ ಮಡಿಸಿ ಮಾಂಸ ತುಂಬಿದ ಟಾಕೊ, ಎರಡೂ ಮೆಕ್ಸಿಕನ್ ಮಾದರಿಯ ಸ್ಯಾಂಡ್‌ವಿಚ್ ಅಂದರು. ಅಲ್ಲಿ ಕಟ್ಟಡಕ್ಕೆ ಸ್ಯಾಂಡ್‌ವಿಚ್ ಅಂಗಡಿ ಮಾತ್ರ ಬರಬಹುದು ಅನ್ನುವ ಷರತ್ತಿತ್ತು. ಟಾಕೊ ಅಂಗಡಿಯವನು ಬದುಕಿಕೊಂಡ.

ನನ್ನನ್ನು ಕೇಳಿದರೆ? ಬೆಂಗಳೂರಿನ ಬೇಕರಿಯಲ್ಲಿ ಬನ್ನು ಸೀಳಿ, ಬೆಣ್ಣೆ ಹಚ್ಚಿ, ಖಾರದ ಕಾಂಗ್ರೆಸ್ ಕಡಲೆಕಾಯಿ ತುಂಬಿ ಕೊಡುತ್ತಾರೆ. ವೆಬ್‌ಸ್ಟರ್ ಲೆಕ್ಕದಲ್ಲಿ ಅದು ಅಪ್ಪಟ ಸ್ಯಾಂಡ್‌ವಿಚ್. ಆದರೆ 'ಒಂದು ಸ್ಯಾಂಡ್‌ವಿಚ್ ಕೊಡಪ್ಪಾ' ಅಂದರೆ ಹುಡುಗ ಅದನ್ನು ಕೊಡುತ್ತಾನಾ? ಕೊಟ್ಟರೆ ನೀವು ಸುಮ್ನೆ ಇರುತ್ತೀರಾ? ನನಗೆ ಗಲ್ಲಾ ಪೆಟ್ಟಿಗೆಯ ಮುಂದೆ ನಡೆಯುವ ಹೆಸರೇ ಹೆಸರು. ಹಾಗಾಗಿ ಹಾಟ್ ಡಾಗ್ ಹಾಟ್ ಡಾಗೇ.

ಇದೆಲ್ಲ ಹೊಟ್ಟೆ ತುಂಬಿದವರ ಜಗಳ ಅಂತ ನೀವು ಅನ್ನಬಹುದು. ನಮ್ಮಲ್ಲೂ ಆಗಿದೆ. 2020ರಲ್ಲಿ ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿ ನಮ್ಮ ಪರೋಟಾ ರೊಟ್ಟಿಯೇ ತಾನೆ, ಶೇ 5 ಜಿಎಸ್‌ಟಿ ಸಾಕಲ್ಲ ಅಂತ ಕೇಳಿತ್ತು. ಯಾವುದಕ್ಕೆ ಎಷ್ಟು ತೆರಿಗೆ ಅಂತ ಮೊದಲೇ ಹೇಳುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಒಪ್ಪಲಿಲ್ಲ. ರೊಟ್ಟಿಯನ್ನು ಹಾಗೇ ತಿನ್ನಬಹುದು, ಈ ಪ್ಯಾಕೆಟ್ ಪರೋಟಾವನ್ನು ಮತ್ತೆ ಕಾವಲಿಯ ಮೇಲೆ ಬಿಸಿ ಮಾಡಬೇಕು, ಆದ್ದರಿಂದ ಶೇ 18 ಅಂದಿತು. ದೇಶವೆಲ್ಲ ಗುಲ್ಲೋ ಗುಲ್ಲು. ಪರೋಟಾ ಪರವಾಗಿ ಅಷ್ಟೊಂದು ಜನ ಇದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಆಗ.

2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ, ಪರೋಟಾ ಎಲ್ಲಕ್ಕೂ ಜಿಎಸ್‌ಟಿ ಸೊನ್ನೆ. ಪರೋಟಾ ಯಾವ ಜಾತಿ ಅಂತ ಆಮೇಲೆ ಯಾರೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ನಮಸ್ಕಾರ.