ಕಿತ್ತಳೆ ಯಾವ ಬಣ್ಣ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಈ ಚಳಿಯಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಇಷ್ಟು ಜನ ಬಂದು ಕೂತಿದ್ದೀರಿ. ತುಂಬಾ ಖುಷಿಯಾಯಿತು.

ನಾನು ಎಣ್ಣೆ ಬಣ್ಣ ಕಲಿಯೋಕೆ ಶುರು ಮಾಡಿದ್ದು 47ನೇ ವಯಸ್ಸಿನಲ್ಲಿ. ಮಕ್ಕಳು ಓದಲು ಹೊರಗೆ ಹೋಗಿದ್ದರು, ಮನೆ ಖಾಲಿ ಅನ್ನಿಸುತ್ತಿತ್ತು. ಪಕ್ಕದ ಊರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದ ಒಬ್ಬರಿದ್ದರು. ಅವರ ಹತ್ತಿರ ಹೋದೆ. ಮೊದಲ ದಿನವೇ ಬ್ರಹ್ಮಗಿರಿ ಬೆಟ್ಟ ಬರೆಯಬೇಕು ಅಂತ ನನಗೆ ಆಸೆ. ಮೇಷ್ಟ್ರು ಒಂದು ಕಿತ್ತಳೆ ಹಣ್ಣು ತಂದು ಕಿಟಕಿ ಹತ್ತಿರ ಇಟ್ಟು, "ಇದನ್ನ ಬರೀರಿ" ಅಂದರು.

ಬರೆದೆ. ಕೆಂಪಿಗೆ ಹಳದಿ ಬೆರೆಸಿ ದುಂಡಗೆ ತುಂಬಿದೆ, ಒಂದು ಕಡೆ ಬಿಳಿ ಚುಕ್ಕೆ ಇಟ್ಟೆ. ಮೇಷ್ಟ್ರು ನೋಡಿ ಒಂದೇ ಮಾತು ಕೇಳಿದರು: "ಹಣ್ಣು ನೋಡಿ ಬರೆದ್ರಾ, ಹೆಸರು ನೋಡಿ ಬರೆದ್ರಾ?"

ಆಗ ಹಣ್ಣಿನ ಕಡೆ ಸರಿಯಾಗಿ ತಿರುಗಿದೆ. ಕೊಡಗಿನ ಕಿತ್ತಳೆ ನಿಮಗೆ ಗೊತ್ತೇ ಇದೆ. ಸಿಪ್ಪೆ ಸಡಿಲ, ತೆಳು. ತೊಟ್ಟಿನ ಹತ್ತಿರ ಹಸಿರು, ಹೊಟ್ಟೆ ಹತ್ತಿರ ಹಸಿರು ಬೆರೆತ ಹಳದಿ, ಕೇಸರಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಕಿಟಕಿಯ ಕಡೆ ಮೈಯಲ್ಲಿ ಮೋಡದ ಬೂದು ಬೆಳಕು. ನೆರಳಿನ ಭಾಗ ಕಂದು ಅಂದುಕೊಂಡಿದ್ದೆ, ಅದರ ಅಂಚಿನಲ್ಲಿ ಮೇಜಿನ ಕೆಂಪು ಬಟ್ಟೆಯ ಬಣ್ಣ ಹತ್ತಿತ್ತು. ಹುಟ್ಟಿದಾಗಿನಿಂದ ತಿಂದ ಹಣ್ಣು ಅದು, ಅವತ್ತೇ ಮೊದಲ ಸಲ ನೋಡಿದ ಹಾಗಾಯಿತು. ಒಂದು ಹಣ್ಣಿಗೆ ನಾಲ್ಕು ದಿನ ಹಿಡಿಯಿತು. ದೊಡ್ಡವರಾದ ಮೇಲೆ ಕಲಿಯುವವರಿಗೆ ಕಷ್ಟ ಇರುವುದು ಇಲ್ಲೇ ಅಂತ ನನ್ನ ಅನುಭವ. ಕೈ ಕೆಲವು ತಿಂಗಳಲ್ಲಿ ಪಳಗುತ್ತದೆ. ನಮಗೆ ಎಲ್ಲ ವಸ್ತುವಿನ ಹೆಸರೂ ಗೊತ್ತಿದೆಯಲ್ವಾ, ಅದಕ್ಕೇ ಕಣ್ಣು ಮುಂದೆ ಹೋಗಲ್ಲ.

ಹೀಗೆ ನಿಧಾನವಾಗಿ ನೋಡಿ ಕಲಿಯುವುದಕ್ಕೆ ಎಣ್ಣೆ ಬಣ್ಣದಷ್ಟು ಒಳ್ಳೆಯ ಜೊತೆ ಬೇರೆ ಇಲ್ಲ. ಯಾಕೆ ಅಂದರೆ ಅದು ಕಾಯುತ್ತದೆ. ಜಲವರ್ಣ ನೀರು ಆರಿದ ಕೂಡಲೇ ಒಣಗುತ್ತದೆ. ಎಣ್ಣೆ ಬಣ್ಣದಲ್ಲಿ ಆರಿ ಹೋಗುವಂಥದ್ದು ಏನೂ ಇಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಹೀಗೆ ಗಟ್ಟಿಯಾಗಲ್ಲ, ಅದಕ್ಕೇ ಅದರಲ್ಲಿ ಚಿತ್ರ ಬರೆಯಲಾಗಲ್ಲ. ಹಿಂದೆ ಮರದ ಹಾಕಿ ಸ್ಟಿಕ್‌ಗೆ ಲಿನ್ಸೀಡ್ ಎಣ್ಣೆ ಸವರುತ್ತಿದ್ದರಲ್ಲ, ಅದೂ ಈ ಅಗಸೆ ಎಣ್ಣೆಯೇ. ಹೀಗಾಗಿ ಇವತ್ತು ಹಚ್ಚಿದ್ದು ನಾಳೆಯೂ ಹಸಿಯಾಗಿರುತ್ತದೆ. ತಪ್ಪಾದರೆ ಚಾಕುವಿನಿಂದ ಕೆರೆದು ತೆಗೆದು ಮತ್ತೆ ಹಚ್ಚಬಹುದು.

ಈ ನಿಧಾನದಿಂದ ಏನಾಗುತ್ತದೆ ಅಂತ ನೋಡಬೇಕಾದರೆ ನಮ್ಮ ರಾಜಕುಮಾರಿ ಗೌರಮ್ಮನ ಚಿತ್ರ ನೋಡಿ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರರ ಮಗಳು. 1852ರಲ್ಲಿ ಅಪ್ಪನ ಜೊತೆ ಇಂಗ್ಲೆಂಡಿಗೆ ಹೋದಳು. ವಿಕ್ಟೋರಿಯಾ ರಾಣಿಗಾಗಿ ವಿಂಟರ್‌ಹಾಲ್ಟರ್ ಎಂಬ ಕಲಾವಿದ ಅವಳನ್ನು ಎಣ್ಣೆ ಬಣ್ಣದಲ್ಲಿ ಬರೆದ. ಆ ಮುಖದಲ್ಲಿ ಬೆಳಕು ನೆರಳಾಗುವ ಜಾಗ ಹುಡುಕಿ, ಗೆರೆ ಸಿಗಲ್ಲ. ಹಸಿ ಬಣ್ಣದೊಳಗೆ ಹಸಿ ಬಣ್ಣ ಸೇರಿದೆ. ಗೌರಮ್ಮ ಹುಟ್ಟಿದ್ದು 1841ರಲ್ಲಿ. ಅದೇ ವರ್ಷ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು.

ಟ್ಯೂಬ್ ಜಾಸ್ತಿ ಕೊಳ್ಳಬೇಡಿ. ಟೈಟಾನಿಯಂ ವೈಟ್, ಒಂದು ಹಳದಿ, ಮಣ್ಣಿನ ಹಳದಿಯಾದ ಯೆಲ್ಲೋ ಓಕರ್, ಒಂದು ಕೆಂಪು, ಅಲ್ಟ್ರಾಮರೀನ್ ನೀಲಿ, ಕೆಂಪು ಬೆರೆತ ಕಂದಾದ ಬರ್ಂಟ್ ಸಿಯೆನ್ನಾ. ಆರು ಸಾಕು. ಕಪ್ಪು ಬೇಡ, ಅಲ್ಟ್ರಾಮರೀನ್‌ಗೆ ಸಿಯೆನ್ನಾ ಬೆರೆಸಿದರೆ ಒಳ್ಳೆಯ ಕಪ್ಪು ಬರುತ್ತದೆ. ಹಸಿರನ್ನಂತೂ ನೀವೇ ಬೆರೆಸಿ. ಕಾಫಿ ಎಲೆಯನ್ನೇ ತೆಗೆದುಕೊಳ್ಳಿ. ನೆರಳಲ್ಲಿರುವ ಎಲೆಗೆ ಅಲ್ಟ್ರಾಮರೀನ್ ಮತ್ತು ಓಕರ್. ಬಿಸಿಲು ಎಲೆಯನ್ನು ಹಾದು ಬರುವ ಕಡೆ ಹಳದಿ ಜಾಸ್ತಿ. ಎಲೆಯ ಮೇಲ್ಮೈ ಹೊಳೆಯುತ್ತದಲ್ಲ, ಅಲ್ಲಿ ಆಕಾಶ ಬಿದ್ದಿರುತ್ತದೆ. ಅಲ್ಲಿಗೆ ಬೇಕಾಗುವುದು ನೀಲಿ ಬೆರೆತ ಬಿಳಿ, ಹಸಿರೇ ಅಲ್ಲ. ಒಂದು ತೋಟ ಬರೆಯಲು ಟ್ಯೂಬಿನ ಒಂದೇ ಹಸಿರು ಹಚ್ಚಿದರೆ ಪ್ಲಾಸ್ಟಿಕ್ ಗಿಡದ ಹಾಗೆ ಕಾಣುತ್ತದೆ.

ಪದರದ ಮೇಲೆ ಪದರ ಹಚ್ಚುವಾಗ ಕೆಳಗಿನದರಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ ಇರಲಿ. ತಿರುಗುಮುರುಗಾದರೆ ಮೇಲಿನದು ಮೊದಲು ಗಟ್ಟಿಯಾಗಿ ಮುಂದೆ ಬಿರುಕು ಬಿಡುತ್ತದೆ.

ನಮ್ಮ ಮಳೆಗಾಲದ ಬಗ್ಗೆ ಹೇಳಲೇಬೇಕು. ಮೊದಲ ವರ್ಷ ಕಕ್ಕಡ ತಿಂಗಳ ಮಳೆಯಲ್ಲಿ ಬರೆದ ಒಂದು ಚಿತ್ರವನ್ನು ಅಟ್ಟದ ಮೇಲೆ ಬಟ್ಟೆ ಮುಚ್ಚಿಟ್ಟೆ. ಅಕ್ಟೋಬರಿನಲ್ಲಿ ತೆಗೆದರೆ ಮಂಜಿನ ಬಿಳಿಯೆಲ್ಲ ಹಳದಿಗೆ ತಿರುಗಿತ್ತು, ಮೂಲೆಯಲ್ಲಿ ಬೂಷ್ಟು. ಅತ್ತೇ ಬಿಟ್ಟೆ. ಮೇಷ್ಟ್ರು ಹೇಳಿದರು, ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಯಾಗುತ್ತದೆ, ಬೆಳಕಿಗೆ ಇಟ್ಟರೆ ಎಷ್ಟೋ ವಾಪಸ್ ಬರುತ್ತದೆ ಅಂತ. ಬೂಷ್ಟು ಒರೆಸಿ ಕಿಟಕಿ ಪಕ್ಕ ಇಟ್ಟೆ. ಕೆಲವು ವಾರದಲ್ಲಿ ಮಂಜು ಮತ್ತೆ ಮಂಜಿನ ಬಣ್ಣಕ್ಕೆ ಬಂತು. ಹಾಗಾಗಿ ಚಿತ್ರ ಒಣಗುವಾಗ ಬೆಳಕು, ಗಾಳಿ ಎರಡೂ ಇರುವ ಕಡೆ ಇಡಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾಗದೆ ತಾನೇ ಬೆಂಕಿ ಹತ್ತಬಹುದು. ನಮ್ಮವು ಮರದ ಅಟ್ಟದ ಮನೆಗಳು. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ, ಇಲ್ಲವೇ ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ ನೀರು ಹಾಕಿ ಮುಳುಗಿಸಿಡಿ. ಮಳೆಗೆ ಕಿಟಕಿ ಮುಚ್ಚಿರುವಾಗ ಟರ್ಪೆಂಟೈನ್ ಕೂಡ ಬೇಡ, ಅದರ ವಾಸನೆ ಎದೆಗೆ ಒಳ್ಳೆಯದಲ್ಲ. ಬ್ರಷ್ ಒರೆಸಿ, ಅಡುಗೆ ಎಣ್ಣೆಯಲ್ಲಿ ಜಾಲಿಸಿ, ಸೋಪಿನಿಂದ ಚೆನ್ನಾಗಿ ತೊಳೆದರೆ ಸಾಕು.

ಈಗ ತೋಟಗಳಲ್ಲಿ ಕಿತ್ತಳೆ ಗಿಡ ಮೊದಲಿನಷ್ಟು ಇಲ್ಲ. ಆದರೂ ಹುಡುಕಿ ಒಂದು ಬುಟ್ಟಿ ತಂದಿದ್ದೇನೆ, ಹಿಂದಿನ ಮೇಜಿನ ಮೇಲಿದೆ. ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡು ಕಿಟಕಿ ಹತ್ತಿರ ಬನ್ನಿ. ಅರ್ಧ ಗಂಟೆ ಬ್ರಷ್ ಮುಟ್ಟುವುದು ಬೇಡ. ಅದರಲ್ಲಿ ಎಷ್ಟು ಹಸಿರಿದೆ ಅಂತ ಸುಮ್ನೆ ನೋಡೋಣ.